ಡ್ರೆಸ್ಸಿಂಗ್‌ಗೆ ತಾರೀಕು ಇತ್ತು, ಮನಸ್ಸಿಗೆ ಇರಲಿಲ್ಲ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರ.

ನಾನು ಸರ್ಕಾರಿ ಆಸ್ಪತ್ರೆಯೊಂದರಲ್ಲಿ ನರ್ಸ್ ಆಗಿದ್ದವಳು. ಈಗ ನಿವೃತ್ತಳಾಗಿದ್ದೇನೆ. ಆದರೂ ಒಂದು ಶನಿವಾರದ ಡಿಸ್ಚಾರ್ಜ್ ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಇಪ್ಪತ್ತೂ ತುಂಬದ ಹುಡುಗಿ. ಸಾಯಬೇಕು ಅಂತ ತನಗೆ ತಾನೇ ಗಾಯ ಮಾಡಿಕೊಂಡಿದ್ದಳು. ಮೂರು ದಿನವೂ ಗೋಡೆ ಕಡೆಗೇ ಮುಖ. ಎಂಎಲ್‌ಸಿ, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಕೇಸ್ ಅಂತ ದಾಖಲಾಯಿತು, ಪೊಲೀಸರು ಬಂದು ಹೇಳಿಕೆ ಬರೆದುಕೊಂಡರು. 'ಸಿಸ್ಟರ್, ಜಾರಿ ಬಿದ್ಲು ಅಂತ ಬರ್ಕೊಳ್ಳಿ, ಇವಳಿಗೆ ಮದುವೆ ಆಗ್ಬೇಕು' ಅಂತ ತಾಯಿ ನನ್ನ ಕೈ ಹಿಡಿದುಕೊಂಡರು. ಮನೋವೈದ್ಯರಿಗೆ ತೋರಿಸಿ ಅಂತ ಡ್ಯೂಟಿ ಡಾಕ್ಟರು ಕೇಸ್ ಶೀಟಿನಲ್ಲಿ ಬರೆದೇ ಇದ್ದರು. ಆದರೆ ಮನೋವೈದ್ಯರು ಬರುವುದು ಮಂಗಳವಾರ, ನಮಗೆ ಹಾಸಿಗೆ ಬೇಕಿದ್ದದ್ದು ಶನಿವಾರ. ಕಳಿಸಿಬಿಟ್ಟೆವು. ಡ್ರೆಸ್ಸಿಂಗ್‌ಗೆ ಯಾವತ್ತು ಬರಬೇಕು ಅಂತ ಚೀಟಿಯಲ್ಲಿತ್ತು. ಅವಳು ಅದಕ್ಕೂ ಬರಲಿಲ್ಲ. ಏನಾದಳೋ, ನಾವ್ಯಾರೂ ಫೋನ್ ಮಾಡಿ ಕೇಳಲಿಲ್ಲ. ನಾನೂ ಕೇಳಲಿಲ್ಲ.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 115ನೇ ಸೆಕ್ಷನ್ ನಿಮಗೆ ಗೊತ್ತೇ ಇದೆ. ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ತಿಳಿಯಬೇಕು, ಅವರಿಗೆ ಆರೈಕೆ, ಚಿಕಿತ್ಸೆ ಕೊಟ್ಟು ಮತ್ತೆ ಹಾಗಾಗದಂತೆ ನೋಡಿಕೊಳ್ಳುವುದು ಸರ್ಕಾರದ ಕರ್ತವ್ಯ ಅನ್ನುತ್ತದೆ ಅದು. ವಾರ್ಡಿನಲ್ಲಿ ಮಾತ್ರ ಮನೆಯವರು ಇವತ್ತಿಗೂ 'ಕೇಸ್ ಆಗುತ್ತಾ?' ಅಂತಲೇ ಹೆದರುತ್ತಾರೆ. ಆ ಭಯಕ್ಕೆ ನಿಜ ಮುಚ್ಚಿಡುತ್ತಾರೆ. ಒಮ್ಮೆ ಹೀಗೆ ಮಾಡಿಕೊಂಡವರಿಗೆ ಮುಂದಿನ ಕೆಲವು ವಾರ ಅಪಾಯ ಜಾಸ್ತಿ. ಆ ಹೊತ್ತಿನಲ್ಲೇ ನಾವು ಬಸ್ ಹತ್ತಿಸಿ ಕಳಿಸುತ್ತೇವೆ.

ಪ್ರತಿ ತಾಲ್ಲೂಕಿಗೂ ಮನೋವೈದ್ಯರನ್ನು ಕೊಡಿ ಅಂತ ಕೇಳುವಷ್ಟು ದಡ್ಡಿಯಲ್ಲ ನಾನು. ಅಷ್ಟು ಜನ ಎಲ್ಲಿದ್ದಾರೆ? ಆದರೆ 2022ರ ಅಕ್ಟೋಬರ್‌ನಿಂದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿಮಾನಸ್ ಇದೆಯಲ್ಲ. 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆ ನಂಬರನ್ನು ಗೋಡೆಗೆ ಅಂಟಿಸಿ ಸುಮ್ಮನಾಗುವ ಬದಲು ಫೋನನ್ನೇ ಹಾಸಿಗೆ ಹತ್ತಿರ ತರಿಸಿ. ಪರದೆ ಎಳೆದು, ಮನೆಯವರನ್ನು ಹತ್ತು ನಿಮಿಷ ಆಚೆ ಕೂರಿಸಿ. ಅತ್ತೆ ಎದುರಿಗೆ ಯಾವ ಸೊಸೆ ಬಾಯಿ ಬಿಡುತ್ತಾಳೆ, ಹೇಳಿ?

ನನ್ನ ಬೇಡಿಕೆ ಒಂದು ಸುತ್ತೋಲೆ ಅಷ್ಟೇ. ಇಂಥ ರೋಗಿಯ ಡಿಸ್ಚಾರ್ಜ್ ಚೀಟಿಯಲ್ಲಿ ಇನ್ನೆರಡು ಸಾಲು ಇರಲಿ: ಮನಸ್ಸಿನ ಬಗ್ಗೆ ಯಾರು ಮಾತಾಡಿದರು, ಮುಂದಿನ ಭೇಟಿ ಯಾವತ್ತು. ಅವು ತುಂಬುವ ತನಕ ಹಾಸಿಗೆ ಬಿಡಿಸಬಾರದು. ವಾರದೊಳಗೆ ಆಸ್ಪತ್ರೆಯಿಂದಲೇ ಒಂದು ಫೋನ್ ಹೋಗಲಿ.

ಇಂತಿ,
ನಿವೃತ್ತ ಸ್ಟಾಫ್ ನರ್ಸ್