ಕಾರ್ಡು ಹಿಡಿಸದ ಪರ್ಸು

ಪ್ರೀತಿಯ ಮಗನೇ,

ದೊಡ್ಡಮ್ಮನ ಆಶೀರ್ವಾದಗಳು. ನಿನ್ನ ಕಾಗದ ಓದಿ ಖುಷಿಯಾಯಿತು. ಬಟ್ಟೆಯ ಪರ್ಸನ್ನು ನೀನೇ ಹೊಲಿದುಕೊಳ್ಳಲು ಹೊರಟಿದ್ದೀಯ. ಜೊತೆಗೆ ಜಿಪ್ಪು, ಚಿಲ್ಲರೆಗೆ ಜೇಬು, ಎಂಟು ಕಾರ್ಡಿಗೆ ಎಂಟು ಖಾನೆ ಅಂತ ದೊಡ್ಡ ಪಟ್ಟಿಯನ್ನೇ ಬರೆದಿದ್ದೀಯ. ಮೊದಲ ಪರ್ಸಿಗೆ ಅವೆಲ್ಲ ಬೇಡ ಕಣೋ. ಮಧ್ಯಕ್ಕೆ ಮಡಚುವ ಸಾದಾ ಪರ್ಸು ಸಾಕು. ನೋಟಿಗೆ ಒಂದು ಜೇಬು, ಕಾರ್ಡಿಗೆ ಎರಡು ಖಾನೆ.

ನನ್ನ ಮೊದಲ ಪರ್ಸಿನ ಕಥೆ ಕೇಳು. ಕಾರ್ಡನ್ನು ಬಟ್ಟೆಯ ಮೇಲಿಟ್ಟು ಸುತ್ತ ಪೆನ್ಸಿಲ್ ಗೆರೆ ಎಳೆದೆ. ಗೆರೆಯ ಮೇಲೇ ಹೊಲಿದೆ. ಹೊಲಿಗೆ ನೇರವಾಗಿ, ನೀಟಾಗಿ ಬಂತು. ಕಾರ್ಡು ಮಾತ್ರ ಒಳಗೆ ಹೋಗಲಿಲ್ಲ! ಕಾರ್ಡಿಗೂ ದಪ್ಪ ಇದೆ, ಬಟ್ಟೆಗೂ ದಪ್ಪ ಇದೆ ಅನ್ನೋದು ತಲೆಗೇ ಹೋಗಿರಲಿಲ್ಲ. ಬ್ಯಾಂಕಿನ ಕಾರ್ಡು ಯಾವ ದೇಶದ್ದಾದರೂ ಅಳತೆ ಒಂದೇ: ಅಗಲ 8.56 ಸೆಂ.ಮೀ., ಎತ್ತರ ಸುಮಾರು 5.4 ಸೆಂ.ಮೀ. ಖಾನೆಯ ಅಗಲ ಅದಕ್ಕಿಂತ ಒಂದು ಸೆಂ.ಮೀ. ಜಾಸ್ತಿ ಇರಲಿ. ತೀರಾ ಸಡಿಲ ಬಿಟ್ಟರೆ ಪರ್ಸು ತಲೆಕೆಳಗಾದಾಗ ಕಾರ್ಡು ಜಾರಿ ಬೀಳುತ್ತದೆ.

ಬಟ್ಟೆಗೆ ಒತ್ತಾಗಿ ನೇಯ್ದ ಹತ್ತಿಯೇ ಒಳ್ಳೆಯದು. ಸ್ಯಾಟಿನ್ ಕೈಯಲ್ಲಿ ನಿಲ್ಲುವುದಿಲ್ಲ. ಜೀನ್ಸ್ ನೋಡಲು ಚೆಂದ, ಆದರೆ ನಾಲ್ಕು ಪದರ ಸೇರಿದರೆ ಸೂಜಿ ಮುರಿಯಬಹುದು. ನಿನ್ನದೇ ಹಳೆಯ ಅಂಗಿ ಇದ್ದರೆ ತೆಗೆದುಕೋ, ಅದು ಒಗೆದು ಒಗೆದು ಕುಗ್ಗುವಷ್ಟು ಕುಗ್ಗಿರುತ್ತದೆ. ಹೊಸ ಬಟ್ಟೆಯಾದರೆ ಒಗೆದು, ಒಣಗಿಸಿ, ಇಸ್ತ್ರಿ ಮಾಡಿದ ಮೇಲೆಯೇ ಕತ್ತರಿ ಮುಟ್ಟು.

ಬೇಕಾದದ್ದು ನಾಲ್ಕೇ ತುಂಡು. ಹೊರಬಟ್ಟೆ 23 × 12 ಸೆಂ.ಮೀ., ಒಳಬಟ್ಟೆಯೂ ಅಷ್ಟೇ. ನೋಟಿನ ಜೇಬಿಗೆ 23 × 18, ಕಾರ್ಡಿನ ಜೇಬಿಗೆ 23 × 12. ಹೊಲಿಗೆಗೆ ಬಿಡುವ ಒಂದು ಸೆಂ.ಮೀ. ಅಂಚು ಇದರಲ್ಲೇ ಸೇರಿದೆ. ಮೊದಲು ಇದೇ ಅಳತೆಗೆ ಕಾಗದ ಕತ್ತರಿಸಿ, ಮಡಚಿ, ನಿನ್ನ ಹತ್ತಿರ ಇರುವ ದೊಡ್ಡ ನೋಟು ಇಟ್ಟು ನೋಡು. ಕಾಗದ ಹಾಳಾದರೆ ಏನೂ ನಷ್ಟವಿಲ್ಲ. ಬಟ್ಟೆಯನ್ನು ಎಳೆಗೆ ನೇರವಾಗಿಯೇ ಕತ್ತರಿಸು. ಓರೆಯಾಗಿ ಕತ್ತರಿಸಿದ್ದು ಎಳೆದಂತೆಲ್ಲ ಹಿಗ್ಗುತ್ತದೆ, ಪರ್ಸು ಸೊಟ್ಟಗಾಗುತ್ತದೆ.

ಹೊರಬಟ್ಟೆ ಗಟ್ಟಿಯಾಗಿ ನಿಲ್ಲಬೇಕಾದರೆ ಇಸ್ತ್ರಿ ಬಿಸಿಗೆ ಅಂಟುವ ಕ್ಯಾನ್ವಾಸ್ ಬೇಕು. ಅದನ್ನು 21 × 10ಕ್ಕೆ ಕತ್ತರಿಸು, ಹೊಲಿಗೆಯ ಅಂಚಿಗೆ ಅದು ಬರುವುದು ಬೇಡ. ಅಂಟಿರುವ ಬದಿ ಕೈಗೆ ಒರಟಾಗಿ ತಗಲುತ್ತದೆ. ಆ ಬದಿಯನ್ನು ಬಟ್ಟೆಯ ಹಿಂಬದಿಗೆ ಇಟ್ಟು ಒತ್ತು. ಇಸ್ತ್ರಿಯನ್ನು ಉಜ್ಜಬೇಡ. ಒತ್ತಿ ಹಿಡಿ, ಎತ್ತು, ಪಕ್ಕಕ್ಕೆ ಇಡು.

ಜೇಬಿನ ತುಂಡುಗಳನ್ನು 23 ಸೆಂ.ಮೀ. ಉದ್ದ ಹಾಗೇ ಉಳಿಯುವಂತೆ ಅರ್ಧ ಮಡಚಿ ಇಸ್ತ್ರಿ ಹಾಕು. ಮಡಚಿದ ಅಂಚೇ ಜೇಬಿನ ಬಾಯಿ, ಅಲ್ಲಿ ಎಳೆ ಬಿಚ್ಚಿಕೊಳ್ಳುವುದಿಲ್ಲ. ಕಾರ್ಡಿನ ಜೇಬಿನ ಆಳ ಕೊನೆಗೆ ಐದೇ ಸೆಂ.ಮೀ. ಉಳಿಯುತ್ತದೆ. ಕಾರ್ಡಿನ ತಲೆ ಸ್ವಲ್ಪ ಹೊರಗಿರಲಿ ಅಂತಲೇ ಹಾಗೆ. ಇಲ್ಲದಿದ್ದರೆ ಉಗುರು ಹಾಕಿ ಕೆದಕಬೇಕಾಗುತ್ತದೆ.

ಈಗ ಎಚ್ಚರಿಕೆಯ ಜಾಗ. ಕಾರ್ಡಿನ ಜೇಬನ್ನು ನೋಟಿನ ಜೇಬಿನ ಮೇಲೆ, ಕೆಳಅಂಚು ಸರಿಯಾಗಿ ಸೇರಿಸಿ ಇಡು. ನಟ್ಟನಡುವೆ ಮೇಲಿಂದ ಕೆಳಕ್ಕೆ ಎರಡು ಹೊಲಿಗೆ ಹಾಕು, ಮಧ್ಯೆ ಒಂದೂವರೆ ಸೆಂ.ಮೀ. ಬಿಟ್ಟು. ಪರ್ಸು ಮಡಚುವುದು ಆ ಖಾಲಿ ಜಾಗದಲ್ಲಿ. ಒಂದೇ ಹೊಲಿಗೆ ಹಾಕಿದರೆ ಎರಡೂ ಕಡೆಯ ಕಾರ್ಡುಗಳು ಮಡಿಕೆಗೆ ಒತ್ತುತ್ತವೆ, ಪರ್ಸು ಬಾಯಿ ಮುಚ್ಚುವುದಿಲ್ಲ. ಈ ಹೊಲಿಗೆಗಳನ್ನು ಒಳಬಟ್ಟೆ ಸೇರಿಸುವ ಮೊದಲೇ ಹಾಕಬೇಕು. ಮರೆತು ಒಳಬಟ್ಟೆಯನ್ನೂ ಸೇರಿಸಿದೆಯೋ, ನೋಟಿನ ಜೇಬೂ ಎರಡು ಹೋಳು. ನಾನು ಎರಡನೇ ಪರ್ಸಿನಲ್ಲಿ ಇದನ್ನೇ ಮಾಡಿದ್ದೆ, ನಗಬೇಡ.

ಆಮೇಲೆ ಒಳಬಟ್ಟೆಯ ಮುಖದ ಮೇಲೆ ಈ ಜೇಬುಗಳು, ಅದರ ಮೇಲೆ ಹೊರಬಟ್ಟೆ, ಮುಖ ಕೆಳಗೆ ಮಾಡಿ. ಗುಂಡುಸೂಜಿ ಚುಚ್ಚಿ ಸುತ್ತ ಒಂದು ಸೆಂ.ಮೀ. ಒಳಗೆ ಹೊಲಿ. ತಿರುವಿ ಹಾಕಲು ಏಳು ಸೆಂ.ಮೀ. ಬಾಯಿ ಬಿಡಬೇಕು. ಅದನ್ನು ಮೇಲಂಚಿನಲ್ಲೇ ಬಿಡು. ಕೆಳಗಡೆ ಆರು ಪದರ, ಮೇಲ್ಗಡೆ ಎರಡೇ. ಎರಡು ಪದರವನ್ನು ಒಳಗೆ ಮಡಚಿ ಮುಚ್ಚುವುದು ಸುಲಭ, ಅಲ್ವಾ? ಬಾಯಿಯ ಎರಡೂ ತುದಿಯಲ್ಲಿ ಹಿಂದೆ ಮುಂದೆ ಹೊಲಿದು ಗಟ್ಟಿ ಮಾಡು, ಅಲ್ಲಿಯೇ ಜಗ್ಗುವುದು.

ಮಷೀನಿಗೆ 14ನೇ ನಂಬರಿನ ಸೂಜಿ ಹಾಕು, ಒಂದೊಂದು ಹೊಲಿಗೆಯ ಉದ್ದ ಎರಡೂವರೆ ಮಿ.ಮೀ. ಇರಲಿ. ದಪ್ಪ ಜಾಗ ಬಂದಾಗ ಪೆಡಲ್ ಬಿಟ್ಟು ಚಕ್ರವನ್ನು ಕೈಯಲ್ಲೇ ತಿರುಗಿಸು. ಮಷೀನು ಸಿಗದಿದ್ದರೆ ಕೈಹೊಲಿಗೆಯೂ ಆಗುತ್ತದೆ. ಸುಮ್ನೆ ಮುಂದೆ ಮುಂದೆ ಓಡಿಸಬೇಡ, ಪ್ರತಿ ಸಲ ಒಂದು ಹೆಜ್ಜೆ ಹಿಂದೆ ಹೋಗಿ ಮುಂದೆ ಬಾ.

ನಾಲ್ಕೂ ಮೂಲೆಯನ್ನು ಓರೆಯಾಗಿ ಕತ್ತರಿಸಿ ತೆಗೆ, ಹೊಲಿಗೆಗೆ ಎರಡು ಮಿ.ಮೀ. ದೂರ ಇರಲಿ. ತಿರುವಿ ಹಾಕಿ ಮೂಲೆಗಳನ್ನು ಮೊಂಡು ಕಡ್ಡಿಯಿಂದ ಮೆಲ್ಲಗೆ ಹೊರಗೆ ತಳ್ಳು. ಕತ್ತರಿಯ ಮೊನೆ ಹಾಕಬೇಡ, ತೂತಾಗುತ್ತದೆ. ಕೊನೆಗೆ ಮೇಲಂಚಿಗೆ ಒಂದು ಹೊಲಿಗೆ ಹಾಕಿದರೆ ಬಾಯಿಯೂ ಮುಚ್ಚುತ್ತದೆ. ಸುತ್ತಲೂ ಹಾಕಲು ಈಗಲೇ ಹೋಗಬೇಡ. ತಿರುವಿದ ಮೇಲೆ ಕೆಳಗಂಚಿನಲ್ಲಿ ಹನ್ನೆರಡು ಪದರ ಆಗಿರುತ್ತದೆ, ಮಷೀನು ಅಲ್ಲೇ ಕೂತುಬಿಡುತ್ತದೆ. ಪರ್ಸನ್ನು ಮಡಚಿ ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗಿಡು.

ಕಾರ್ಡು ಒಳಗೆ ಹೋಯಿತೋ ಇಲ್ಲವೋ ಅಂತ ಮರೆಯದೆ ಬರಿ. ನನ್ನ ಆ ಮೊದಲ ಪರ್ಸು ಇನ್ನೂ ಇದೆ, ಸೂಜಿಗಳನ್ನು ಅದರಲ್ಲೇ ಇಡುತ್ತೇನೆ.

ನಿನ್ನ
ದೊಡ್ಡಮ್ಮ