ಮನೆ ನೋಡುವ ಮೊದಲು ಗಡಿ ನೋಡು

ಚಿರಂಜೀವಿ ಸುಮಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಿನಗೆ ಸೇಂಟ್ ಲೂಯಿಸ್‌ನಲ್ಲೇ ಕೆಲಸ ಸಿಕ್ಕಿದ್ದು ಕೇಳಿ ದೊಡ್ಡಮ್ಮನಿಗೂ ನನಗೂ ಬಹಳ ಸಂತೋಷವಾಯಿತು. ‘ನಗರದೊಳಗೆ ಮನೆ ಮಾಡಬೇಡ, ಕೌಂಟಿಯಲ್ಲಿ ಮಾಡು ಎಂದು ಎಲ್ಲರೂ ಹೇಳುತ್ತಾರೆ, ಏನು ಮಾಡಲಿ?’ ಎಂದು ಕೇಳಿದ್ದೀಯ. ಅವರ ಮಾತನ್ನು ಒಪ್ಪುವ ಮೊದಲು ಈ ಗಡಿ ಹೇಗೆ ಬಂತು ಎಂಬುದನ್ನು ತಿಳಿದುಕೋ.

ಕೌಂಟಿ ಎಂದರೆ ಹೆಚ್ಚುಕಡಿಮೆ ನಮ್ಮ ಕಡೆಯ ಜಿಲ್ಲೆಯಿದ್ದಂತೆ. ಅಮೆರಿಕದಲ್ಲಿ ಸಾಮಾನ್ಯವಾಗಿ ನಗರಗಳು ಕೌಂಟಿಯೊಂದರ ಒಳಗಿರುತ್ತವೆ. ಇಲ್ಲಿ ಹಾಗಲ್ಲ. ಹೆಸರು ಒಂದೇ ಆದರೂ ಸೇಂಟ್ ಲೂಯಿಸ್ ನಗರ ಸೇಂಟ್ ಲೂಯಿಸ್ ಕೌಂಟಿಗೆ ಸೇರಿಲ್ಲ. ಕೌಂಟಿ ಮಾಡಬೇಕಾದ ಕೆಲಸವನ್ನೂ ನಗರವೇ ಮಾಡಿಕೊಳ್ಳುತ್ತದೆ: ಶೆರಿಫ್, ತೆರಿಗೆ ವಸೂಲಿ, ಆಸ್ತಿ ದಾಖಲೆ ಎಲ್ಲವೂ ಅದರದೇ. ವರ್ಜೀನಿಯಾದಲ್ಲಿ ಇಂಥ 38 ನಗರಗಳಿವೆ. ಉಳಿದ ದೇಶದಲ್ಲೆಲ್ಲ ಬಾಲ್ಟಿಮೋರ್, ಕಾರ್ಸನ್ ಸಿಟಿ ಮತ್ತು ನಮ್ಮದು, ಮೂರೇ.

1876ರಲ್ಲಿ ನಗರ ಶ್ರೀಮಂತವಾಗಿತ್ತು. ಸುತ್ತಲಿನದು ಬರೀ ಹೊಲಗದ್ದೆ. ಕೌಂಟಿಯ ಆಡಳಿತಕ್ಕೂ ನಾವೇಕೆ ತೆರಿಗೆ ಕಟ್ಟಬೇಕು ಎಂಬ ಸಿಟ್ಟು ನಗರದವರಿಗಿತ್ತು. ಬೇರೆಯಾಗುವ ಪ್ರಶ್ನೆ ಮತಕ್ಕೆ ಬಂತು. ಮೊದಲ ಎಣಿಕೆಯಲ್ಲಿ ಸೋತು, ಮರುಎಣಿಕೆಯಲ್ಲಿ ಗೆದ್ದಿತು. ಬೇರೆಯಾಗುವಾಗ ನಗರ ತನ್ನ ವಿಸ್ತೀರ್ಣವನ್ನು ಮೂರು ಪಟ್ಟಿಗೂ ಹೆಚ್ಚಿಸಿಕೊಂಡು, ಫಾರೆಸ್ಟ್ ಪಾರ್ಕನ್ನೂ ಒಳಗೆ ಹಾಕಿಕೊಂಡು, ಸುಮಾರು 61 ಚದರ ಮೈಲಿಗೆ ಗೆರೆ ಎಳೆಯಿತು. ಆ ಗೆರೆ ಇವತ್ತಿಗೂ ಅಲ್ಲೇ ಇದೆ.

ಪಾಲಾಗುವಾಗ ನೀರಾವರಿ ಗದ್ದೆಯನ್ನೆಲ್ಲ ಹಿಡಿದ ಅಣ್ಣ, ಬೀಳು ಭೂಮಿ ಪಡೆದ ತಮ್ಮನ ಮುಖ ನೋಡದೆ ಬೇಲಿ ಹಾಕಿಕೊಂಡಂತಾಯಿತು. ಮುಂದೆ ಕಾರು, ಹೆದ್ದಾರಿಗಳು ಬಂದವು. ಕರಿಯರ ನೆರೆಯಲ್ಲಿ ಇರಲೊಲ್ಲದ ಬಿಳಿಯರು ಸಾವಿರಗಟ್ಟಲೆ ಬೇಲಿಯಾಚೆ ಹೋದರು. ತೆರಿಗೆಯ ಹಣವೂ ಅವರ ಹಿಂದೆಯೇ ಹೋಯಿತು. 1950ರಲ್ಲಿ 8,56,796 ಇದ್ದ ನಗರದ ಜನಸಂಖ್ಯೆ 2020ರಲ್ಲಿ 3,01,578ಕ್ಕೆ ಇಳಿದಿತ್ತು. ಕೌಂಟಿಯದು ಹತ್ತು ಲಕ್ಷ ದಾಟಿತ್ತು. 1926ರಲ್ಲೇ ಮತ್ತೆ ಒಂದಾಗೋಣವೆಂದು ನಗರದವರು ಮತ ಹಾಕಿದ್ದರು, ಕೌಂಟಿಯವರು ಒಲ್ಲೆ ಎಂದರು. 2019ರಲ್ಲಿ ಬಂದ ಇನ್ನೊಂದು ಪ್ರಸ್ತಾಪ ಮತದಾನದವರೆಗೂ ಹೋಗದೆ ಹಿಂದೆ ಸರಿಯಿತು.

ಅಪಾಯಕಾರಿ ನಗರಗಳ ಪಟ್ಟಿಯನ್ನು ನಿನಗೆ ಯಾರೋ ಕಳಿಸಿದ್ದಾರೆ. ಅಪರಾಧ ಇಲ್ಲವೆಂದು ನಾನು ಹೇಳುವುದಿಲ್ಲ. ಕೆಲವು ಬೀದಿಗಳಲ್ಲಿ ಜನ ನಿಜವಾಗಿ ನೋಯುತ್ತಿದ್ದಾರೆ. ಆದರೆ ಬೇರೆ ಎಷ್ಟೋ ನಗರಗಳ ಲೆಕ್ಕದಲ್ಲಿ ನೆಮ್ಮದಿಯ ಹೊರಬಡಾವಣೆಗಳೂ ಸೇರುತ್ತವೆ. ನಮ್ಮಲ್ಲಿ ಅವೆಲ್ಲ ಗೆರೆಯಾಚೆ ಇರುವುದರಿಂದ ಲೆಕ್ಕಕ್ಕೆ ಸಿಗುವುದು ಹಳೆಯ ನಡುನಗರ ಮಾತ್ರ. ಹೀಗೆ ಬಂದ ಅಂಕಿಯನ್ನು ಹಿಡಿದು ಇಡೀ ಊರಿಗೆ ಕೆಟ್ಟ ಹೆಸರು ಹಚ್ಚುವುದು ಅನ್ಯಾಯ.

ಇನ್ನು ವ್ಯವಹಾರದ ಮಾತು. ವಿಳಾಸದಲ್ಲಿ ‘ಸೇಂಟ್ ಲೂಯಿಸ್’ ಎಂದಿದ್ದರೆ ಮನೆ ನಗರದಲ್ಲೇ ಇದೆ ಎಂದುಕೊಳ್ಳಬೇಡ. ಕೌಂಟಿಯ ಎಷ್ಟೋ ಮನೆಗಳಿಗೂ ಅದೇ ವಿಳಾಸ. ನಿನ್ನ ಕಚೇರಿ ನಗರದಲ್ಲಿದೆ, ಹಾಗಾಗಿ ಕೌಂಟಿಯಲ್ಲಿ ಮನೆ ಮಾಡಿದರೂ ಸಂಬಳದ ಮೇಲಿನ ಶೇಕಡಾ 1ರ ನಗರ ತೆರಿಗೆ ತಪ್ಪುವುದಿಲ್ಲ. ಆ ಉಳಿತಾಯದ ಆಸೆಯಿಂದ ದೂರ ಹೋಗಬೇಡ. ಮಗುವಿನ ಶಾಲೆಯ ವಿಚಾರ ಬೇರೆ. ಗೆರೆ ದಾಟಿದರೆ ಶಾಲಾ ಜಿಲ್ಲೆಯೇ, ಅಂದರೆ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತವೇ, ಬದಲಾಗುತ್ತದೆ, ಕೌಂಟಿಯೊಳಗೂ ಹತ್ತಾರು ಶಾಲಾ ಜಿಲ್ಲೆಗಳಿವೆ. ಯಾರ ಮಾತಿಗೂ ಕಿವಿಗೊಡದೆ ನೀನೇ ಹೋಗಿ ಶಾಲೆಗಳನ್ನು ನೋಡು.

ನನ್ನನ್ನು ಕೇಳಿದರೆ ನಗರದಲ್ಲೇ ಇರು ಎನ್ನುತ್ತೇನೆ. ಟವರ್ ಗ್ರೋವ್ ಪಾರ್ಕಿನ ಸುತ್ತ ಗಟ್ಟಿಮುಟ್ಟಾದ ಹಳೆಯ ಇಟ್ಟಿಗೆಯ ಮನೆಗಳಿವೆ, ನಡೆದು ಹೋಗುವಷ್ಟು ಹತ್ತಿರದಲ್ಲಿ ಅಂಗಡಿಗಳಿವೆ. ಕೌಂಟಿಯಲ್ಲಿ ಉಳಿದರೂ ನನಗೆ ಬೇಸರವಿಲ್ಲ, ಆದರೆ ‘ಅದು ನಗರದವರ ಕಷ್ಟ’ ಎನ್ನುವ ಮಾತು ಮಾತ್ರ ನಿನ್ನ ಬಾಯಲ್ಲಿ ಬರಬಾರದು. ಎರಡೂ ಕಡೆಯವರು ಸೇರಿ ನಡೆಸುವುದು ಇಲ್ಲಿ ಸಾಧ್ಯವೇ ಇಲ್ಲ ಎಂದೇನಲ್ಲ. 1954ರಿಂದ ಒಳಚರಂಡಿಗೆ ಒಂದೇ ಸಂಸ್ಥೆ ಇದೆ. ಮೃಗಾಲಯಕ್ಕೂ ಕಲಾ ಸಂಗ್ರಹಾಲಯಕ್ಕೂ ನಗರ, ಕೌಂಟಿ ಎರಡರ ಆಸ್ತಿ ತೆರಿಗೆಯೂ ಹೋಗುತ್ತದೆ. ಹಾಗಾಗಿ ಎರಡರಲ್ಲೂ ಪ್ರವೇಶ ಉಚಿತ. ಜನ ಮನಸ್ಸು ಮಾಡಿ ಮತ ಹಾಕಿದ್ದರಿಂದ ಆದದ್ದು ಅದು. ಶಾಲೆಗೂ ಪೊಲೀಸಿಗೂ ಆ ಮನಸ್ಸು ಯಾಕೆ ಬರಲಿಲ್ಲ ಎಂಬ ಕೊರಗು ನನಗೆ ಇದ್ದೇ ಇದೆ.

ಬಾಡಿಗೆ ಕರಾರಿಗೆ ಈಗಲೇ ಸಹಿ ಹಾಕಬೇಡ. ಮೊದಲು ನಮ್ಮ ಮನೆಗೆ ಬಂದು ಕೆಲವು ದಿನ ಇರು. ಎರಡೂ ಕಡೆಯ ಮನೆಗಳನ್ನು ನಾನೇ ಕಾರಿನಲ್ಲಿ ಕರೆದೊಯ್ದು ತೋರಿಸುತ್ತೇನೆ. ವಿಮಾನದ ಸಮಯ ತಿಳಿಸು.

ನಿನ್ನ ದೊಡ್ಡಪ್ಪ