ಪಿಎಲ್‌ಸಿ ನೆಟ್‌ವರ್ಕ್ ಕೆಲಸದಲ್ಲಿ ಬದಲಾವಣೆ: ನಮ್ಮ ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಬರುವ ಅಕ್ಟೋಬರ್ 1ರಿಂದ ಕಾಫಿ ಡ್ರೈಯರ್, ಹಲ್ಲರ್ (ಸಿಪ್ಪೆ ಸುಲಿಯುವ ಯಂತ್ರ), ಬಾಯ್ಲರ್ ಮತ್ತು ಪಂಪ್‌ಹೌಸ್‌ಗಳ ಪಿಎಲ್‌ಸಿಗಳನ್ನು, ಅಂದರೆ ಯಂತ್ರಗಳನ್ನು ನಿಯಂತ್ರಿಸುವ ಸಣ್ಣ ಕಂಪ್ಯೂಟರ್‌ಗಳನ್ನು, ಜೋಡಿಸುವ ಈಥರ್ನೆಟ್ (ನೆಟ್‌ವರ್ಕ್ ಕೇಬಲ್) ಕೆಲಸವನ್ನು, ಕಚೇರಿಯ ಇಂಟರ್ನೆಟ್ ಹಾಗೂ ಸಿಸಿಟಿವಿ ಲೈನಿನಿಂದ ಪೂರ್ತಿ ಬೇರ್ಪಡಿಸಿದ ನೆಟ್‌ವರ್ಕ್ ಆಗಿ ಮಾತ್ರ ಮಾಡಿಕೊಡಲಿದ್ದೇವೆ. ಒಂದು ಶೆಡ್ಡಿನಿಂದ ಇನ್ನೊಂದಕ್ಕೆ ತಾಮ್ರದ ಕೇಬಲ್ ಬದಲು ಫೈಬರ್ ಎಳೆಯುತ್ತೇವೆ. ಇದರಿಂದ ಕೆಲಸದ ಒಟ್ಟು ಮೊತ್ತ ಹೆಚ್ಚುತ್ತದೆ. ಕೊಯ್ಲಿನ ಖರ್ಚು ಎದುರಿಗಿರುವಾಗಲೇ ಈ ಹೊರೆ ನಿಮ್ಮ ಮೇಲೆ ಬೀಳುತ್ತಿರುವುದಕ್ಕೆ ಕ್ಷಮೆ ಕೋರುತ್ತೇವೆ. ಆದರೆ ನಿರ್ಧಾರ ಸರಿಯಾದದ್ದೆಂಬುದರಲ್ಲಿ ನಮಗೆ ಅನುಮಾನವಿಲ್ಲ.

“ಕ್ಯಾಮೆರಾ ಹಾಕುವವರು ಇದೇ ಕೇಬಲನ್ನು ಅರ್ಧ ದುಡ್ಡಿಗೆ ಎಳೆದುಕೊಡುತ್ತಾರೆ, ನಿಮ್ಮದು ಯಾಕಿಷ್ಟು?” ಎಂಬ ಮಾತನ್ನು ಕುಶಾಲನಗರದಿಂದ ಗೋಣಿಕೊಪ್ಪಲಿನವರೆಗೆ ಎಲ್ಲೆಡೆ ಕೇಳಿದ್ದೇವೆ. ಅದು ಇದೇ ಕೇಬಲ್ ಅಲ್ಲ. ಅಗ್ಗಕ್ಕೆ ಸಿಗುವ ಬಹಳಷ್ಟು ಕೇಬಲ್‌ಗಳು ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯವು. ಹಲ್ಲರ್ ಪಕ್ಕದಲ್ಲಿ ದಿನವಿಡೀ ಅದುರುವ ಪ್ಯಾನೆಲ್‌ನೊಳಗೆ ಅಂಥ ತಂತಿ ಕನೆಕ್ಟರಿನ ಬುಡದಲ್ಲೇ ತುಂಡಾಗುತ್ತದೆ. ಮೋಟಾರಿನ ವೇಗ ನಿಯಂತ್ರಿಸುವ ಡ್ರೈವ್‌ಗಳ ಪವರ್ ಕೇಬಲ್ ಜೊತೆ ಒಂದೇ ಟ್ರೇಯಲ್ಲಿ ಹಾಸಿದರೆ ಅದರ ಗದ್ದಲ ಸಿಗ್ನಲ್‌ಗೆ ಸೇರುತ್ತದೆ; ಹಾಗಾಗಿ ಶೆಡ್ಡಿನೊಳಗೆ ಶೀಲ್ಡ್ (ಗದ್ದಲ ತಡೆಯುವ ಲೋಹದ ಹೊದಿಕೆ) ಇರುವ ಶುದ್ಧ ತಾಮ್ರದ ಕೇಬಲ್ಲೂ ಬೇಕು, ಬೇರೆ ಟ್ರೇಯೂ ಬೇಕು. ನೆಟ್‌ವರ್ಕ್ ಕೇಬಲ್‌ಗಳನ್ನು ಒಂದೆಡೆ ಕೂಡಿಸುವ ಸ್ವಿಚ್ಚಿನ ಮಾತೂ ಹೀಗೆಯೇ: ಮೇಜಿನ ಮೇಲಿಡುವ ಪ್ಲಾಸ್ಟಿಕ್ ಸ್ವಿಚ್ಚನ್ನು ಡ್ರೈಯರ್ ಬಿಸಿಗೆಂದು ಮಾಡಿದ್ದಲ್ಲ, ನಾವು ಹಾಕುವುದು ಪ್ಯಾನೆಲ್‌ನ ರೈಲಿಗೆ ಕೂರುವ, 24 ವೋಲ್ಟ್ ಡಿಸಿಯಲ್ಲಿ ಓಡುವ ಕೈಗಾರಿಕಾ ಸ್ವಿಚ್.

ಫೈಬರ್ ಬಗ್ಗೆ ಇನ್ನೂ ಬಿಡಿಸಿ ಹೇಳಬೇಕಾಗಿದೆ. ಈಥರ್ನೆಟ್‌ಗೆ ಮೊದಲು ಯಂತ್ರಗಳನ್ನು ಜೋಡಿಸುತ್ತಿದ್ದ ಹಳೆಯ ಆರ್‌ಎಸ್-485 ಲೈನ್ 1,200 ಮೀಟರ್‌ವರೆಗೂ ಹೋಗುತ್ತಿತ್ತು. ತಾಮ್ರದ ಈಥರ್ನೆಟ್ ಮಿತಿ 100 ಮೀಟರ್. ಪಲ್ಪಿಂಗ್ ಯೂನಿಟ್ ಹೊಳೆಯ ಬದಿಗೆ, ಗೋದಾಮು ಮೇಲಿನ ದಿಬ್ಬಕ್ಕೆ ಇರುವ ನಮ್ಮ ತೋಟಗಳಲ್ಲಿ ಆ ನೂರು ಮೀಟರ್ ಬಹುಬೇಗ ಮುಗಿಯುತ್ತದೆ. ದೂರಕ್ಕಿಂತ ದೊಡ್ಡ ಕಾರಣ ಸಿಡಿಲು. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಯಲ್ಲಿ ಹತ್ತಿರದಲ್ಲೆಲ್ಲೋ ಸಿಡಿಲು ಬಡಿದಾಗ ಎರಡು ಕಟ್ಟಡಗಳ ಅರ್ಥಿಂಗ್ ನಡುವೆ ಉಂಟಾಗುವ ವೋಲ್ಟೇಜ್ ವ್ಯತ್ಯಾಸ ತಾಮ್ರದ ಕೇಬಲ್ ಹಿಡಿದು ಎರಡೂ ತುದಿಯ ಪೋರ್ಟ್‌ಗಳನ್ನು ಸುಟ್ಟುಹಾಕಬಲ್ಲದು. ಫೈಬರ್ ಎಳೆ ಗಾಜಿನದು, ಅದರಲ್ಲಿ ಕರೆಂಟ್ ಹರಿಯುವುದಿಲ್ಲ. ಒಂದು ಪಿಎಲ್‌ಸಿಯ ಬೆಲೆ ನಿಮಗೆ ಗೊತ್ತೇ ಇದೆ.

ಪ್ರತ್ಯೇಕ ನೆಟ್‌ವರ್ಕ್ ಯಾಕೆ ಎನ್ನುವವರಿಗೆ ಕಳೆದ ಹಂಗಾಮಿನ ಒಂದು ಸಂಗತಿ ತಿಳಿಸುತ್ತೇವೆ. ಒಂದು ಕ್ಯೂರಿಂಗ್ ವರ್ಕ್ಸ್‌ನಲ್ಲಿ ಕರೆಂಟ್ ಹೋಗಿ ಬಂದ ಮೇಲೆ ಡ್ರೈಯರ್ ಪರದೆಯಲ್ಲಿ ತಾಪಮಾನ ಕಾಣಬೇಕಾದ ಜಾಗದಲ್ಲಿ ಬರೀ ಅಡ್ಡಗೆರೆಗಳು ಕಂಡವು. ಆಪರೇಟರ್ ಹೆದರಿ ಕುಲುಮೆಯ ಬೆಂಕಿ ತಗ್ಗಿಸಿದರು. ಕಾಫಿ ಅರೆ ಒಣಗಿದ ಸ್ಥಿತಿಯಲ್ಲೇ ರಾತ್ರಿಯೆಲ್ಲ ಉಳಿಯಿತು. ಪಿಎಲ್‌ಸಿಗೆ ಏನೂ ಆಗಿರಲಿಲ್ಲ. ನಮಗೆ ತಿಳಿಸದೆ ಪಿಎಲ್‌ಸಿಯ ಸ್ವಿಚ್ಚಿಗೇ ಸೇರಿಸಿದ್ದ ಕ್ಯಾಮೆರಾ ರೆಕಾರ್ಡರ್‌ಗೆ, ಪಿಎಲ್‌ಸಿಯ ಐಪಿ ವಿಳಾಸವನ್ನೇ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ರೂಟರ್ ಹಂಚಿಬಿಟ್ಟಿತ್ತು; ಹಾಗಾಗಿ ಪರದೆಗೆ ಪಿಎಲ್‌ಸಿ ಸಿಗಲಿಲ್ಲ. ಬೈಗುಳದ ಫೋನ್ ಬಂದದ್ದು ಮಾತ್ರ ನಮಗೆ.

ಇಷ್ಟೇ ಅಲ್ಲ. ನಿಮ್ಮಲ್ಲಿ ಹೆಚ್ಚಿನ ಯಂತ್ರಗಳು ಒಂದಕ್ಕೊಂದು ಮಾಹಿತಿ ಕಳುಹಿಸಲು ಬಳಸುವ ಮಾಡ್‌ಬಸ್ 1979ರಲ್ಲಿ ಬಂದ ಪದ್ಧತಿ. ಈಥರ್ನೆಟ್ ಮೇಲೆ ಅದು ಸಾಮಾನ್ಯವಾಗಿ 502ನೇ ಪೋರ್ಟಿನಲ್ಲಿ, ಪಾಸ್‌ವರ್ಡ್ ಇಲ್ಲದೆಯೇ ನಡೆಯುತ್ತದೆ. ಕಚೇರಿಯ ವೈಫೈ ಅದೇ ನೆಟ್‌ವರ್ಕಿನಲ್ಲಿದ್ದರೆ, ಅದಕ್ಕೆ ಸೇರಿಕೊಂಡ ಯಾರದೋ ಲ್ಯಾಪ್‌ಟಾಪ್ ಬಾಯ್ಲರ್‌ನ ಸೆಟ್‌ಪಾಯಿಂಟ್ (ನಿಗದಿಪಡಿಸಿದ ಮಟ್ಟ) ಬದಲಿಸಬಹುದು. ಮೊಬೈಲಿನಲ್ಲಿ ಡ್ರೈಯರ್ ನೋಡಬೇಕೆನ್ನುವವರಿಗೆ ಫೈರ್‌ವಾಲ್ (ಹೊರಗಿನವರನ್ನು ತಡೆಯುವ ಸಾಧನ) ಮತ್ತು ವಿಪಿಎನ್ (ಇಂಟರ್ನೆಟ್ ಮೇಲಿನ ಸುರಕ್ಷಿತ ಖಾಸಗಿ ದಾರಿ) ಮೂಲಕ, ನೋಡಲು ಮಾತ್ರ ಸಾಧ್ಯವಾಗುವಂತೆ ವ್ಯವಸ್ಥೆ ಮಾಡಿಕೊಡುತ್ತೇವೆ.

ಸರಿಯಾಗಿ ಓಡುತ್ತಿರುವ ಹಳೆಯ ಆರ್‌ಎಸ್-485 ಲೈನ್ ಇದ್ದವರು ಗಾಬರಿಯಾಗಬೇಕಿಲ್ಲ. ಅದನ್ನು ಕಿತ್ತುಹಾಕಲು ನಾವು ಹೇಳುವುದಿಲ್ಲ, ಎರಡನ್ನೂ ಬೆಸೆಯುವ ಗೇಟ್‌ವೇ ಸಾಧನ ಹಾಕಿ ಈಥರ್ನೆಟ್‌ಗೆ ಸೇರಿಸುತ್ತೇವೆ, ರಿಪೇರಿಯೂ ಮುಂದುವರಿಯುತ್ತದೆ. ಸಾಮಾನುಗಳ ಖರೀದಿ ಬಿಲ್ ನಿಮಗೆ ತೋರಿಸುತ್ತೇವೆ. ನಾವು ಬರೆದುಕೊಟ್ಟ ಪಟ್ಟಿಯಂತೆ ನೀವೇ ತಂದುಕೊಂಡರೂ ನಮಗೆ ಬೇಸರವಿಲ್ಲ. ಯಾವ ಯಂತ್ರಕ್ಕೆ ಯಾವ ಐಪಿ, ಯಾವ ಪೋರ್ಟಿನಲ್ಲಿ ಯಾವ ಕೇಬಲ್ ಎಂಬ ಹಾಳೆಯನ್ನು ಪ್ಯಾನೆಲ್ ಬಾಗಿಲಿನ ಒಳಬದಿಗೆ ಅಂಟಿಸುವ ನಮ್ಮ ಪದ್ಧತಿ ಹಾಗೆಯೇ ಇರುತ್ತದೆ; ನಾಳೆ ಬೇರೆಯವರನ್ನು ಕರೆಸಿದರೂ ಅವರಿಗೆ ಅದು ಉಪಯೋಗಕ್ಕೆ ಬರಲಿ.

ಹುತ್ತರಿಗೆ ಮುನ್ನ ಕೆಲಸ ಮುಗಿಯಬೇಕೆನ್ನುವವರು ಶೆಡ್ಡುಗಳ ನಡುವಿನ ದೂರವನ್ನು ಅಳೆದು, ಒಂದು ಕೈನಕ್ಷೆಯೊಂದಿಗೆ ಈ ತಿಂಗಳೊಳಗೆ ಕಳುಹಿಸಿಕೊಡಿ. ಸ್ಥಳ ನೋಡಲು ಬಂದದ್ದಕ್ಕೆ ಶುಲ್ಕವಿಲ್ಲ.

ನಿಮ್ಮ ವಿಶ್ವಾಸಿಗಳು,
ಸಂಸ್ಥೆಯ ಪಾಲುದಾರರು, ಕುಶಾಲನಗರ